ಎಲ್ಲ ಗಾಡಿಯೂ ಒಂದೇ ದಾರಿಗೇಕೆ?



ಚಿತ್ರೀಕರಣಕ್ಕೆ ಸ್ಥಳ ನೋಡಿ ಬರಲು ನಮ್ಮ ತಂಡ ದೊಡ್ಡಬೆಳವಂಗಲಕ್ಕೆ ಹೋಗಿತ್ತು. ಕೆಲಸ ಮುಗಿಸಿ ಟೀ ಕುಡಿಯುತ್ತಿದ್ದಾಗ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಬಂದು ಮಾತನಾಡಿಸಿದಳು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಅವಳೂ ಅವಳ ಗೆಳತಿಯೂ ಮೂರು ಸಂಜೆ ಕಂಪ್ಯೂಟರ್ ಮುಂದೆ ಕೂತಿದ್ದರಂತೆ. ಪುಟ ಅರ್ಧ ತೆರೆದುಕೊಳ್ಳುವುದು, ಅಲ್ಲೇ ನಿಂತುಬಿಡುವುದು. ಕೊನೆಯ ದಿನ ರಾತ್ರಿ ಇವಳ ಅರ್ಜಿ ಹೋಯಿತು; ಗೆಳತಿಯದು ಹೋಗಲಿಲ್ಲ.

"ಸಾರ್, ಅದೇ ಹೊತ್ತಲ್ಲಿ ನಮ್ಮಣ್ಣ ಪಕ್ಕದ ತಾಲ್ಲೂಕಲ್ಲಿ ಕೂತು ಫೋನಲ್ಲಿ ಸಿನಿಮಾ ನೋಡ್ತಿದ್ದ. ದಾರಿ ತುಂಬಿದ್ರೆ ಎಲ್ಲರಿಗೂ ತುಂಬಬೇಕು ತಾನೆ? ನಮ್ಮ ಕಡೆಯೋರಿಗೆ ಮಾತ್ರ ಯಾಕೆ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಇಂಥ ತೊಂದರೆಗೆ ಕಾರಣ ಒಂದಲ್ಲ. ಅರ್ಜಿ ಪಡೆಯುವ ಕಂಪ್ಯೂಟರಿನ ಮೇಲೆ ನೂಕುನುಗ್ಗಲು ಇರಬಹುದು, ಊರಿನ ಕೊನೆಯ ಕೇಬಲ್ ಕೆಟ್ಟಿರಬಹುದು, ಕರೆಂಟ್ ಹೋಗಿರಬಹುದು. ಆದರೆ ಇನ್ನೊಂದು ಕಾರಣವೂ ಉಂಟು. ನಾಲ್ಕು ದಾರಿ ಇದ್ದೂ ಮೂರು ಖಾಲಿ ಬಿದ್ದಿರುತ್ತವೆ, ಒಂದೇ ಒಂದು ತುಂಬಿ ತುಳುಕುತ್ತಿರುತ್ತದೆ. ಹೀಗಾಗುವುದು ಏಕೆ, ಇದನ್ನು ಸರಿಪಡಿಸುವ ಬಗೆ ಏನು ಎಂಬುದನ್ನು ಇಲ್ಲಿ ನೋಡೋಣ. ನಾನು ಬಿ.ಎಸ್ಸಿ. ಓದಿ ದೂರದರ್ಶನದ ಕೆಲಸಕ್ಕೆ ಬಂದವನು, ಜಾಲದ ಎಂಜಿನಿಯರ್ ಅಲ್ಲ. ಆದರೂ ಭಾಗಾಕಾರ ಬಲ್ಲ ಯಾರಿಗಾದರೂ ಅರ್ಥವಾಗುವ ವಿಷಯ ಇದು.

ಹುಸಿ ತಂತಿ

ಮೊದಲು ಎರಡು ಹೆಸರುಗಳ ಪರಿಚಯ ಮಾಡಿಕೊಳ್ಳೋಣ.

ನೀವು ಕಳುಹಿಸುವ ಅರ್ಜಿ, ಫೋಟೋ, ಮಾತು ಎಲ್ಲವೂ ಸಣ್ಣ ಸಣ್ಣ ತುಂಡುಗಳಾಗಿ ಸಾಗುತ್ತವೆ. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಪ್ರತಿ ಕೂಡುರಸ್ತೆಯಲ್ಲಿ ರೂಟರ್ ಎಂಬ ಯಂತ್ರ ಪ್ಯಾಕೆಟ್ಟಿನ ವಿಳಾಸ ನೋಡಿ ಮುಂದಿನ ದಾರಿ ತೋರಿಸುತ್ತದೆ. ದೊಡ್ಡ ಸೇವಾ ಸಂಸ್ಥೆಗಳ ಜಾಲದಲ್ಲಿ ಇದಕ್ಕೊಂದು ಸುಲಭೋಪಾಯ ಇದೆ. ಜಾಲದ ಅಂಚಿನಲ್ಲಿರುವ ರೂಟರ್ ಪ್ಯಾಕೆಟ್ಟಿನ ಮೇಲೆ ಒಂದು ಚೀಟಿ ಅಂಟಿಸುತ್ತದೆ. ಒಳಗಿನ ರೂಟರುಗಳು ಉದ್ದನೆಯ ವಿಳಾಸ ಓದುವ ಗೋಜಿಗೆ ಹೋಗದೆ, ಚೀಟಿಯ ಸಂಖ್ಯೆ ನೋಡಿ ಮುಂದೆ ತಳ್ಳುತ್ತವೆ. ಈ ವಿಧಾನವೇ ಎಂಪಿಎಲ್‌ಎಸ್. ಇದರ ರಚನೆಯನ್ನು ವಿವರಿಸುವ ಆರ್‌ಎಫ್‌ಸಿ 3031 ಎಂಬ ದಾಖಲೆ 2001ರ ಜನವರಿಯಲ್ಲಿ ಹೊರಬಂತು. ಚೀಟಿಯ ಒಟ್ಟು ಅಳತೆ 32 ಬಿಟ್. ಅದರಲ್ಲಿ ಸಂಖ್ಯೆಗೆಂದು 20 ಬಿಟ್ ಮೀಸಲು. ಎರಡರ ಇಪ್ಪತ್ತನೇ ಘಾತ ಲೆಕ್ಕ ಹಾಕಿ: 10,48,576 ಬೇರೆ ಬೇರೆ ಸಂಖ್ಯೆಗಳು ಸಿಗುತ್ತವೆ. ಒಂದರ ಕೆಳಗೆ ಒಂದರಂತೆ ಹಲವು ಚೀಟಿ ಅಂಟಿಸಲೂಬಹುದು.

ಎರಡನೆಯ ಹೆಸರು ಸ್ಯೂಡೊವೈರ್. ಕನ್ನಡದಲ್ಲಿ ಹುಸಿ ತಂತಿ ಎನ್ನೋಣ. ಒಂದು ಬ್ಯಾಂಕಿಗೆ ದೊಡ್ಡಬಳ್ಳಾಪುರದ ಶಾಖೆಯಿಂದ ಬೆಂಗಳೂರಿನ ಕಚೇರಿಗೆ ನೇರವಾದ ತಂತಿ ಬೇಕೆಂದು ಇಟ್ಟುಕೊಳ್ಳಿ. ಅದಕ್ಕಾಗಿ ಯಾರೂ ಹೊಸದಾಗಿ ನೆಲ ಅಗೆಯುವುದಿಲ್ಲ. ಜಾಲದ ಒಂದು ಅಂಚಿನಲ್ಲಿ ಬ್ಯಾಂಕಿನ ಪ್ಯಾಕೆಟ್ಟುಗಳನ್ನು ಇದ್ದಂತೆಯೇ ತೆಗೆದುಕೊಂಡು, ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಇನ್ನೊಂದು ಅಂಚಿನಲ್ಲಿ ಹಾಗೆಯೇ ಬಿಚ್ಚಿ ಕೊಡುತ್ತಾರೆ. ಬ್ಯಾಂಕಿನವರಿಗೆ ನಡುವೆ ಒಂದು ತಂತಿ ಇದ್ದಂತೆಯೇ ಭಾಸವಾಗುತ್ತದೆ. ಬ್ಯಾಂಕು ಮಾತ್ರವಲ್ಲ, ಮೊಬೈಲ್ ಗೋಪುರ, ಕಾಲೇಜು, ಒಂದು ಇಡೀ ಪಟ್ಟಣದ ಇಂಟರ್‌ನೆಟ್ ಕೂಡ ಹೀಗೆ ಒಂದು ಹುಸಿ ತಂತಿಯೊಳಗೆ ಸಾಗಬಹುದು. ಇದರ ವಿನ್ಯಾಸವನ್ನು ಹೇಳುವ ದಾಖಲೆ ಆರ್‌ಎಫ್‌ಸಿ 3985, 2005ರದು.

ದಿಬ್ಬಣ ಹೊರಟಿತು

ಈಗ ದೊಡ್ಡಬೆಳವಂಗಲಕ್ಕೆ ಮರಳೋಣ. ಇದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಲ್ಲಿಂದ ಬೆಂಗಳೂರಿಗೆ ಎರಡು ಕಡೆಯಿಂದ ಹೋಗಬಹುದು. ದೊಡ್ಡಬಳ್ಳಾಪುರ, ಯಲಹಂಕದ ಮೇಲೆ ಒಂದು ದಾರಿ. ದಾಬಸ್‌ಪೇಟೆ, ನೆಲಮಂಗಲದ ಮೇಲೆ ಇನ್ನೊಂದು. ನಮ್ಮ ಲೆಕ್ಕಕ್ಕೆ ಎರಡೂ ಸಮ ದೂರ ಎಂದು ಭಾವಿಸೋಣ. ಜಾಲದಲ್ಲಿಯೂ ಇಂಥ ಸಮಾನ ದಾರಿಗಳು ಎರಡೋ ನಾಲ್ಕೋ ಎಂಟೋ ಇರುತ್ತವೆ. ಇವುಗಳಿಗೆ ಸಮವೆಚ್ಚದ ದಾರಿಗಳು, ಸಂಕ್ಷೇಪವಾಗಿ ಇಸಿಎಂಪಿ ಎನ್ನುತ್ತಾರೆ.

ಬೆಂಗಳೂರಿನ ಛತ್ರವೊಂದರಲ್ಲಿ ಮದುವೆ. ಊರಿನಿಂದ ನೂರು ಗಾಡಿಗಳ ದಿಬ್ಬಣ ಹೊರಟಿದೆ. ಪ್ರತಿ ಗಾಡಿಯ ಮುಂದೆಯೂ 'ಗಂಡಿನ ಕಡೆಯವರು' ಎಂಬ ಒಂದೇ ಬೋರ್ಡು. ಕೂಡುರಸ್ತೆಯಲ್ಲಿ ನಿಂತ ಪೊಲೀಸಿನವರಿಗೆ ಒಂದು ನಿಯಮ ಕೊಟ್ಟಿದ್ದಾರೆ: ಬೋರ್ಡು ನೋಡಿ ದಾರಿ ತೋರಿಸಿ, ಒಂದೇ ಬೋರ್ಡಿನವರನ್ನು ಬೇರೆ ಮಾಡಬೇಡಿ. ಪಾಪ, ಅವರೇನು ಮಾಡಿಯಾರು? ಮೊದಲ ಗಾಡಿಯನ್ನು ಯಲಹಂಕದ ಕಡೆಗೆ ಕಳುಹಿಸಿದರೆ ನೂರಕ್ಕೆ ನೂರನ್ನೂ ಅತ್ತಲೇ ಕಳುಹಿಸಬೇಕು. ನೆಲಮಂಗಲದ ದಾರಿ ಖಾಲಿ ಬಿದ್ದಿರುತ್ತದೆ.

ಹುಸಿ ತಂತಿಯ ತೊಂದರೆ ನಿಖರವಾಗಿ ಇದೇ. ಬೋರ್ಡು ಎಂದರೆ ಎಂಪಿಎಲ್‌ಎಸ್ ಚೀಟಿ. ಪೊಲೀಸಿನವರು ಎಂದರೆ ಜಾಲದ ನಡುವಿನ ರೂಟರ್. ಒಂದು ಅಂಕಿ ಅಂಶ ಇಟ್ಟುಕೊಂಡು ನೋಡಿ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸಬಲ್ಲ ನಾಲ್ಕು ದಾರಿಗಳಿವೆ. ಒಟ್ಟು ಸಾಮರ್ಥ್ಯ 40. ಒಂದು ಹುಸಿ ತಂತಿಯಲ್ಲಿ 12 ಗಿಗಾಬಿಟ್ ಬರುತ್ತಿದೆ. ಚೀಟಿ ಒಂದೇ ಆದ್ದರಿಂದ ಎಲ್ಲವೂ ಒಂದೇ ದಾರಿಗೆ ಬೀಳುತ್ತದೆ. ಹತ್ತು ಸಾಗುತ್ತದೆ, ಎರಡು ಚೆಲ್ಲಿಹೋಗುತ್ತದೆ, ಮೂರು ದಾರಿಗಳು ಸುಮ್ಮನೆ ಮಲಗಿರುತ್ತವೆ. ಚೆಲ್ಲಿಹೋದ ಎರಡರಲ್ಲಿ ನಮ್ಮ ಹುಡುಗಿಯ ಅರ್ಜಿಯೂ ಇರಬಹುದು. ಅವಳ ಅಣ್ಣನ ಸಿನಿಮಾ ಬೇರೆ ಚೀಟಿಯಡಿಯಲ್ಲಿ, ಬೇರೆ ದಾರಿಯಲ್ಲಿ ಆರಾಮಾಗಿ ಬರುತ್ತಿರಬಹುದು.

"ಹಲವು ಹುಸಿ ತಂತಿಗಳಿದ್ದರೆ ತಾನಾಗಿಯೇ ಹಂಚಿಕೆಯಾಗುವುದಿಲ್ಲವೇ?" ಎಂದು ನೀವು ಕೇಳಬಹುದು. ಸಂಭವನೀಯತೆಯ ಪಾಠ ನೆನಪಿಸಿಕೊಳ್ಳಿ. ನಾಲ್ಕು ಹುಸಿ ತಂತಿ, ನಾಲ್ಕು ದಾರಿ. ಪ್ರತಿ ತಂತಿಯೂ ಯಾದೃಚ್ಛಿಕವಾಗಿ ಒಂದು ದಾರಿ ಹಿಡಿಯುತ್ತದೆ. ಒಟ್ಟು ಸಾಧ್ಯತೆಗಳು 4 × 4 × 4 × 4, ಎಂದರೆ 256. ಅವುಗಳಲ್ಲಿ ನಾಲ್ಕಕ್ಕೂ ಬೇರೆ ಬೇರೆ ದಾರಿ ಸಿಗುವುದು 4 × 3 × 2 × 1, ಎಂದರೆ 24 ಸಲ ಮಾತ್ರ. ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ! ದೊಡ್ಡ ಗಂಟುಗಳು ಕೆಲವೇ ಇದ್ದಾಗ ಅದೃಷ್ಟವನ್ನು ನಂಬಿ ಕೂರುವಂತಿಲ್ಲ.

ಸರದಿ ತಪ್ಪಿದರೆ ಏನಾಗುತ್ತದೆ?

ಹಾಗಿದ್ದರೆ ಒಂದು ಗಾಡಿ ಅತ್ತ, ಒಂದು ಗಾಡಿ ಇತ್ತ ಎಂದು ಸರದಿಯಂತೆ ಕಳುಹಿಸಬಾರದೇಕೆ? ಹೊರೆ ಸಮನಾಗಿ ಹಂಚಿಹೋಗುತ್ತದಲ್ಲ?

ಹಂಚಿಹೋಗುತ್ತದೆ, ಆದರೆ ಕೆಲಸ ಕೆಡುತ್ತದೆ. ಒಂದು ಮನೆಯವರದು ಮೂರು ಗಾಡಿ. ಮುಂದಿನದರಲ್ಲಿ ಬೀಗದ ಕೈ, ನಡುವಿನದರಲ್ಲಿ ಒಡವೆಯ ಪೆಟ್ಟಿಗೆ, ಕೊನೆಯದರಲ್ಲಿ ಮದುಮಗ. ಇವರನ್ನು ಬೇರೆ ಬೇರೆ ದಾರಿಗೆ ಹಾಕಿದರೆ ಪೆಟ್ಟಿಗೆ ಮೊದಲು ಬರುತ್ತದೆ, ಕೈ ಆಮೇಲೆ ಬರುತ್ತದೆ. ಎಲ್ಲರೂ ಛತ್ರದ ಬಾಗಿಲಲ್ಲಿ ಕಾಯುತ್ತಾರೆ.

ಪ್ಯಾಕೆಟ್ಟುಗಳ ವಿಷಯದಲ್ಲಿ ಪರಿಣಾಮ ಇನ್ನೂ ವಿಚಿತ್ರ. ಅರ್ಜಿ, ಕಡತಗಳನ್ನು ಸಾಗಿಸಲು ಬಹಳವಾಗಿ ಬಳಸುವ ಟಿಸಿಪಿ ಎಂಬ ನಿಯಮಾವಳಿಯಲ್ಲಿ, ಪಡೆಯುವ ಕಡೆಯವರು "ಇಷ್ಟರವರೆಗೆ ತಲುಪಿತು" ಎಂದು ಉತ್ತರ ಕಳುಹಿಸುತ್ತಾ ಇರುತ್ತಾರೆ. ನಾಲ್ಕನೆಯ ಪ್ಯಾಕೆಟ್ ತಡವಾಗಿ, ಐದು, ಆರು, ಏಳು ಮೊದಲೇ ಬಂದುಬಿಟ್ಟರೆ, ಪ್ರತಿ ಸಲವೂ "ನಾಲ್ಕನೆಯದನ್ನು ಕಾಯುತ್ತಿದ್ದೇನೆ" ಎಂಬ ಅದೇ ಉತ್ತರ ಹೋಗುತ್ತದೆ. ಹೀಗೆ ಮೂರು ಸಲ ಪುನರುಕ್ತಿಯಾದರೆ, ಕಳುಹಿಸುವವರು ನಾಲ್ಕನೆಯದು ಕಳೆದೇಹೋಯಿತು ಎಂದು ತಿಳಿದು ಅದನ್ನು ಮತ್ತೆ ಕಳುಹಿಸುತ್ತಾರೆ. ಜೊತೆಗೆ ದಾರಿ ಕಿಕ್ಕಿರಿದಿದೆ ಎಂದು ಭಾವಿಸಿ ವೇಗವನ್ನೂ ತಗ್ಗಿಸುತ್ತಾರೆ. ಮೂಲ ವಿಧಾನದಲ್ಲಿ ಅರ್ಧಕ್ಕೆ ಇಳಿಸುತ್ತಾರೆ. ಏನೂ ಕಳೆದಿಲ್ಲ, ದಾರಿಯೂ ತುಂಬಿಲ್ಲ, ಆದರೂ ವೇಗ ಬಿತ್ತು!

ಹುಸಿ ತಂತಿಯೊಳಗೆ ಹಳೆಯ ಬಗೆಯ ದೂರವಾಣಿ ಸಾಗುವುದಾದರೆ ಸರದಿಗೆ ಇನ್ನೂ ಹೆಚ್ಚಿನ ಬೆಲೆ. ಇ-1 ಎಂಬ ದೂರವಾಣಿ ಮಾರ್ಗದಲ್ಲಿ ಸೆಕೆಂಡಿಗೆ 2.048 ಮೆಗಾಬಿಟ್ ತಾಳ ತಪ್ಪದೆ ಹರಿಯಬೇಕು. ಅಲ್ಲಿ ತಡವಾಗಿ ಬಂದ ಪ್ಯಾಕೆಟ್ಟೂ ಒಂದೇ, ಬಾರದ ಪ್ಯಾಕೆಟ್ಟೂ ಒಂದೇ.

ಆದ್ದರಿಂದ ನಮಗೆ ಎರಡು ಬೇಡಿಕೆಗಳಿವೆ. ಹೊರೆ ಎಲ್ಲ ದಾರಿಗೂ ಹಂಚಿಹೋಗಬೇಕು. ಒಂದೇ ಮಾತುಕತೆಗೆ ಸೇರಿದ ಪ್ಯಾಕೆಟ್ಟುಗಳು ಮಾತ್ರ ಒಂದೇ ದಾರಿಯಲ್ಲಿ, ಸರದಿ ತಪ್ಪದೆ ಹೋಗಬೇಕು. ಹೀಗೆ ಒಂದು ಮಾತುಕತೆಗೆ ಸೇರಿದ ಪ್ಯಾಕೆಟ್ಟುಗಳ ಸಾಲನ್ನು ಹರಿವು ಎನ್ನೋಣ. ದಿಬ್ಬಣದ ಭಾಷೆಯಲ್ಲಿ ಹೇಳುವುದಾದರೆ, ದಿಬ್ಬಣ ಒಡೆಯಲಿ, ಮನೆ ಒಡೆಯದಿರಲಿ.

ಶೇಷ ಹೇಳುವ ದಾರಿ

ಹರಿವನ್ನು ಗುರುತಿಸುವುದು ಹೇಗೆ? ಸಾಮಾನ್ಯ ಇಂಟರ್‌ನೆಟ್ ಪ್ಯಾಕೆಟ್ಟಿನಲ್ಲಿ ಐದು ಗುರುತುಗಳಿವೆ: ಕಳುಹಿಸುವವರ ವಿಳಾಸ, ಪಡೆಯುವವರ ವಿಳಾಸ, ಇಬ್ಬರ ಪೋರ್ಟ್ ಸಂಖ್ಯೆಗಳು, ಬಳಸುವ ನಿಯಮಾವಳಿಯ ಸಂಖ್ಯೆ. ಒಂದು ಹರಿವಿನ ಎಲ್ಲ ಪ್ಯಾಕೆಟ್ಟುಗಳಲ್ಲೂ ಈ ಐದು ಬದಲಾಗುವುದಿಲ್ಲ. ಇವನ್ನು ಸೇರಿಸಿ ಒಂದು ಸಂಖ್ಯೆ ಮಾಡಿ, ದಾರಿಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಶೇಷವೇ ದಾರಿಯ ಹೆಸರು.

ಸುಲಭವಾಗಲೆಂದು ಕೂಡುವ ಲೆಕ್ಕವನ್ನೇ ಮಾಡೋಣ. ನಾಲ್ವರು ವಿದ್ಯಾರ್ಥಿಗಳ ಕಂಪ್ಯೂಟರ್ ವಿಳಾಸದ ಕೊನೆಯ ಭಾಗ 17, 18, 25, 31. ಎಲ್ಲರೂ ಹೋಗುವ ವಿಳಾಸದ ಕೊನೆಯ ಭಾಗ 9, ಅಲ್ಲಿಯ ಪೋರ್ಟ್ 443. ಇವರ ಕಡೆಯ ಪೋರ್ಟ್ ಕ್ರಮವಾಗಿ 50214, 49872, 51031, 50002. ನಿಯಮಾವಳಿ ಎಲ್ಲರದೂ ಒಂದೇ ಆದ್ದರಿಂದ ಅದನ್ನು ಬಿಟ್ಟುಬಿಡೋಣ. ಮೊದಲನೆಯವರ ಮೊತ್ತ 17 + 9 + 50214 + 443 = 50683. ನಾಲ್ಕರಿಂದ ಭಾಗಿಸಿದರೆ ಶೇಷ 3. ಉಳಿದವರ ಮೊತ್ತ 50342, 51508, 50485. ಶೇಷ 2, 0, 1. ನಾಲ್ವರಿಗೂ ನಾಲ್ಕು ದಾರಿ. ಒಬ್ಬರ ಸಾವಿರ ಪ್ಯಾಕೆಟ್ ಬಂದರೂ ಶೇಷ ಅದೇ, ದಾರಿಯೂ ಅದೇ, ಸರದಿಯೂ ಕೆಡದು. ನಿಜವಾದ ರೂಟರುಗಳು ಕೂಡುವುದಕ್ಕಿಂತ ಚೆನ್ನಾಗಿ ಕಲಸುವ ಲೆಕ್ಕವನ್ನು ಬಳಸುತ್ತವೆ. ಅದಕ್ಕೆ ಹ್ಯಾಷ್ ಎಂದು ಹೆಸರು. ತತ್ವ ಮಾತ್ರ ಇದೇ.

ಇಣುಕಿ ನೋಡುವ ತಪ್ಪು

ಆದರೆ ಹುಸಿ ತಂತಿಯಲ್ಲಿ ಈ ಐದು ಗುರುತುಗಳು ಚೀಟಿಯ ಕೆಳಗೆ, ಇನ್ನೊಂದು ಹೊದಿಕೆಯೊಳಗೆ ಅಡಗಿರುತ್ತವೆ. ಚೀಟಿಯ ಕೆಳಗೆ ಏನಿದೆ ಎಂದು ಎಂಪಿಎಲ್‌ಎಸ್ ಚೀಟಿ ಎಲ್ಲೂ ಹೇಳುವುದಿಲ್ಲ.

ಹೀಗಾಗಿ ಕೆಲವು ರೂಟರುಗಳು ಊಹೆಗೆ ಇಳಿದವು. ಚೀಟಿಯ ಕೆಳಗಿನ ಮೊದಲ ನಾಲ್ಕು ಬಿಟ್ ನೋಡುವುದು; ಅದು 4 ಆಗಿದ್ದರೆ ಒಳಗಿರುವುದು ಐಪಿ ನಾಲ್ಕನೆಯ ಆವೃತ್ತಿಯ ಪ್ಯಾಕೆಟ್, 6 ಆಗಿದ್ದರೆ ಆರನೆಯ ಆವೃತ್ತಿಯದು ಎಂದು ನಂಬಿ, ವಿಳಾಸ ಇರಬೇಕಾದ ಜಾಗದಿಂದ ಓದಿಕೊಳ್ಳುವುದು. ಆದರೆ ಈಥರ್‌ನೆಟ್ ಹುಸಿ ತಂತಿಯಲ್ಲಿ ಚೀಟಿಯ ಕೆಳಗೆ ಮೊದಲು ಬರುವುದು ಐಪಿ ಅಲ್ಲ, ಪಡೆಯುವ ಯಂತ್ರದ 48 ಬಿಟ್ಟಿನ ಮ್ಯಾಕ್ ವಿಳಾಸ. ಅದು 4 ಅಥವಾ 6ರಿಂದ ಶುರುವಾದರೆ? ರೂಟರ್ ಮೋಸಹೋಗುತ್ತದೆ. ವಿಳಾಸವಲ್ಲದ್ದನ್ನು ವಿಳಾಸವೆಂದು ಓದುತ್ತದೆ. ಹಾಗೆ ಓದಿದ್ದು ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಬದಲಾಗುವಂಥದ್ದಾದರೆ ಒಂದೇ ಹರಿವು ಚೂರುಚೂರಾಗಿ ಬೇರೆ ಬೇರೆ ದಾರಿ ಹಿಡಿಯುತ್ತದೆ. ಒಂದು ಯಂತ್ರಕ್ಕೆ ಸರಿಯಾಗಿ ನಡೆಯುವ ಸಂಪರ್ಕ ಪಕ್ಕದ ಯಂತ್ರಕ್ಕೆ ಕುಂಟುತ್ತದೆ. ಇದರ ಕಾರಣ ಹುಡುಕುವುದು ಎಷ್ಟು ಕಷ್ಟ ಎಂದು ನೀವೇ ಊಹಿಸಿ.

ಇದಕ್ಕೆ ಪರಿಹಾರ ಸರಳ. ಹೊದಿಕೆಯ ಮೇಲೆ 32 ಬಿಟ್ಟಿನ ಒಂದು ನಿಯಂತ್ರಣ ಪದ ಇಡುವುದು. ಅದರ ಮೊದಲ ನಾಲ್ಕು ಬಿಟ್ 0. ಇಣುಕಿ ನೋಡಿದ ರೂಟರ್ ನಾಲ್ಕನ್ನೂ ಕಾಣದೆ ಆರನ್ನೂ ಕಾಣದೆ ಸುಮ್ಮನಾಗುತ್ತದೆ. ಇದನ್ನು ಆರ್‌ಎಫ್‌ಸಿ 4385 2006ರಲ್ಲೇ ಹೇಳಿತ್ತು. ಈಥರ್‌ನೆಟ್ಟಿನಲ್ಲಿ ಅದನ್ನು ಬಳಸುವುದು ಐಚ್ಛಿಕವಾಗಿತ್ತು. 4 ಮತ್ತು 6ರಿಂದ ಶುರುವಾಗುವ ಮ್ಯಾಕ್ ವಿಳಾಸಗಳು ಹಂಚಿಕೆಯಾಗತೊಡಗಿ ತೊಂದರೆ ಕಾಣಿಸಿಕೊಂಡ ಮೇಲೆ, ಅದನ್ನು ಬಳಸಿ ಎಂದು 2018ರ ಆರ್‌ಎಫ್‌ಸಿ 8469 ಸ್ಪಷ್ಟವಾಗಿ ಶಿಫಾರಸು ಮಾಡಿತು.

ಸರದಿ ಉಳಿಯಿತು. ಆದರೆ ಹೊರೆ ಹಂಚುವ ಪ್ರಶ್ನೆ ಹಾಗೆಯೇ ಉಳಿಯಿತು. ಎಲ್ಲ ಗಾಡಿಯೂ ಮತ್ತೆ ಒಂದೇ ದಾರಿಗೆ!

ಗೊತ್ತಿದ್ದವರು ಗುರುತು ಹಾಕಲಿ

ದಿಬ್ಬಣ ಹೊರಡುವಾಗ ಊರಿನಲ್ಲಿ ಯಾವ ಗಾಡಿ ಯಾವ ಮನೆಯದು ಎಂದು ಬಲ್ಲ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರು ಸೀಮೆಸುಣ್ಣ ಹಿಡಿದು ಪ್ರತಿ ಗಾಡಿಯ ಬೋರ್ಡಿನ ಕೆಳಗೆ ಒಂದೊಂದು ಸಂಖ್ಯೆ ಬರೆದರೆ ಹೇಗೆ? ಒಂದು ಮನೆಗೆ ಒಂದೇ ಸಂಖ್ಯೆ. ಕೂಡುರಸ್ತೆಯ ಪೊಲೀಸಿನವರು ಯಾರನ್ನೂ ಇಳಿಸಿ ವಿಚಾರಿಸಬೇಕಿಲ್ಲ, ಊಹೆಯನ್ನೂ ಮಾಡಬೇಕಿಲ್ಲ. ಸಮ ಸಂಖ್ಯೆ ಯಲಹಂಕಕ್ಕೆ, ಬೆಸ ಸಂಖ್ಯೆ ನೆಲಮಂಗಲಕ್ಕೆ. ಛತ್ರ ತಲುಪಿದ ಮೇಲೆ ಅದನ್ನು ಒರೆಸಿಹಾಕಿದರಾಯಿತು.

2011ರ ನವೆಂಬರಿನಲ್ಲಿ ಬಂದ ಆರ್‌ಎಫ್‌ಸಿ 6391 ಹೇಳಿದ ಉಪಾಯ ಇದೇ. ಹುಸಿ ತಂತಿಯ ಆರಂಭದ ಅಂಚಿನ ರೂಟರಿಗೆ ಪ್ಯಾಕೆಟ್ಟಿನ ಒಳಗೇನಿದೆ ಎಂದು ಗೊತ್ತು. ಅದು ಐದು ಗುರುತುಗಳಿಂದ ಹ್ಯಾಷ್ ಲೆಕ್ಕ ಹಾಕಿ, ಹುಸಿ ತಂತಿಯ ಚೀಟಿಯ ಕೆಳಗೆ ಇನ್ನೊಂದು ಚೀಟಿ ಅಂಟಿಸುತ್ತದೆ. ಇದು ಹರಿವಿನ ಚೀಟಿ. ನಡುವಿನ ರೂಟರುಗಳು ಚೀಟಿಗಳ ಸಾಲನ್ನು ಹೇಗೂ ಹ್ಯಾಷ್ ಮಾಡುತ್ತವೆ; ಈಗ ಸಾಲಿನಲ್ಲಿ ಹರಿವಿಗೊಂದು ಸಂಖ್ಯೆ ಇರುವುದರಿಂದ ಹೊರೆ ತಾನಾಗಿ ಹಂಚಿಹೋಗುತ್ತದೆ. ಕೊನೆಯ ಅಂಚಿನ ರೂಟರ್ ಆ ಚೀಟಿಯನ್ನು ಕಿತ್ತು ಎಸೆಯುತ್ತದೆ. ಎರಡು ಅಂಚುಗಳೂ ಮೊದಲೇ ಒಪ್ಪಿಕೊಂಡಿರಬೇಕು, ಅಷ್ಟೆ. ನಡುವಿನ ಯಂತ್ರಗಳನ್ನು ಬದಲಾಯಿಸಬೇಕಿಲ್ಲ. ಇದಕ್ಕೆ ತೆರುವ ಬೆಲೆ ಪ್ಯಾಕೆಟ್ಟಿಗೆ 4 ಬೈಟ್; 1500 ಬೈಟಿನ ಪ್ಯಾಕೆಟ್ಟಿಗೆ ಶೇಕಡಾ ಕಾಲು ಭಾಗಕ್ಕಿಂತ ಚೂರು ಹೆಚ್ಚು.

ಒಂದು ವರ್ಷದ ನಂತರ, 2012ರ ನವೆಂಬರಿನಲ್ಲಿ ಕಿರೀಟಿ ಕೊಂಪೆಲ್ಲ ಮತ್ತು ಸಂಗಡಿಗರು ಬರೆದ ಆರ್‌ಎಫ್‌ಸಿ 6790 ಇದೇ ಯೋಚನೆಯನ್ನು ಹುಸಿ ತಂತಿಗಳಾಚೆಗೆ, ಎಂಪಿಎಲ್‌ಎಸ್ಸಿನ ಎಲ್ಲ ಬಗೆಯ ಸಾಗಾಟಕ್ಕೂ ವಿಸ್ತರಿಸಿತು. ಅದರಲ್ಲಿ 7 ಎಂಬ ವಿಶೇಷ ಚೀಟಿ ಬಂದರೆ "ಇದರ ಮುಂದಿನದು ಹಂಚಿಕೆಗೆಂದು ಇಟ್ಟ ಸಂಖ್ಯೆ" ಎಂದು ಅರ್ಥ. ಆ ಸಂಖ್ಯೆಗೆ ಎಂಟ್ರೊಪಿ ಚೀಟಿ ಎಂದು ಹೆಸರು.

ಮನೆಯೇ ದೊಡ್ಡದಾದರೆ

ಈ ಉಪಾಯಕ್ಕೂ ಒಂದು ಮಿತಿ ಇದೆ. ಒಂದೇ ಮನೆಯವರು ಎಂಬತ್ತು ಗಾಡಿ ತಂದರೆ? ಮನೆ ಒಡೆಯಬಾರದು ಎಂಬ ನಿಯಮವಿದೆಯಲ್ಲ. ಎಂಬತ್ತೂ ಒಂದೇ ದಾರಿಗೆ ಹೋಗುತ್ತವೆ. ಎರಡು ಕಚೇರಿಗಳ ನಡುವೆ ರಾತ್ರಿಯಿಡೀ ಸಾಗುವ ಒಂದೇ ಒಂದು ಬೃಹತ್ ಕಡತದ ಹರಿವು ಹೀಗೆ ಇರುತ್ತದೆ. ಎಂಜಿನಿಯರುಗಳು ಇದನ್ನು ಆನೆ ಹರಿವು ಎನ್ನುತ್ತಾರೆ. ಆನೆಯನ್ನು ಹರಿವಿನ ಚೀಟಿ ಹಂಚಲಾರದು. ಅದಕ್ಕೆ ಬೇರೆ ದಾರಿ ಗೊತ್ತುಮಾಡಬೇಕು. ಆದರೆ ಸಾವಿರಾರು ವಿದ್ಯಾರ್ಥಿಗಳ ಸಾವಿರಾರು ಸಣ್ಣ ಹರಿವುಗಳನ್ನು ಅದು ಚೆನ್ನಾಗಿ ಹಂಚುತ್ತದೆ. ಅರ್ಜಿಯ ಕೊನೆಯ ದಿನದ ಗುಂಪು ಇಂಥದೇ.

ಹೋಬಳಿಗೆ ಇದರಿಂದೇನು?

ಇದೆಲ್ಲ ದೊಡ್ಡ ನಗರಗಳ ಮಾತು ಎಂದು ತಿಳಿಯಬೇಡಿ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆಯಲ್ಲಿ ಎರಡು ಅಂಶಗಳು ನಮ್ಮ ವಿಷಯಕ್ಕೆ ಸಂಬಂಧಿಸಿದವು. ಒಂದು, ಬ್ಲಾಕ್ ಮತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಐಪಿ-ಎಂಪಿಎಲ್‌ಎಸ್ ರೂಟರುಗಳು. ಎರಡು, ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸುವುದು. ಉಂಗುರ ಎಂದರೆ ಪ್ರತಿ ಪಂಚಾಯಿತಿಗೂ ಎರಡು ಕಡೆಯಿಂದ ದಾರಿ. ಒಂದು ಕಡೆ ಜೆಸಿಬಿ ಕೇಬಲ್ ಕಡಿದರೂ ಇನ್ನೊಂದು ಕಡೆ ಉಳಿಯುತ್ತದೆ. ಎಲ್ಲ ಉಂಗುರದಲ್ಲೂ ಎರಡು ಬದಿ ಸಮವಾಗಿರುವುದಿಲ್ಲ; ಒಂದು ಬದಿಯನ್ನು ಮೀಸಲಾಗಿ ಇಡುವುದೂ ಉಂಟು. ಆದರೆ ಅಲ್ಲಿಂದ ಮೇಲೆ, ಹಲವು ತಾಲ್ಲೂಕುಗಳ ಹೊರೆ ಒಟ್ಟಾಗುವ ಕಡೆ, ಸಮಾನ ದಾರಿಗಳು ಹಲವು ಇರುತ್ತವೆ. ಅಲ್ಲಿ ಹಂಚಿಕೆ ಸರಿಯಿಲ್ಲದಿದ್ದರೆ ಕೆಳಗೆ ಎಷ್ಟು ಫೈಬರ್ ಎಳೆದರೂ ಹುಡುಗಿಯ ಅರ್ಜಿ ಅರ್ಧಕ್ಕೇ ನಿಲ್ಲುತ್ತದೆ.

ಪುಟ ತೆರೆಯದಿದ್ದಾಗ "ಸಾಮರ್ಥ್ಯ ಸಾಲದು, ಇನ್ನೊಂದು ಕೇಬಲ್ ಹಾಕಿ" ಎನ್ನುವುದು ಸಹಜ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇರುವ ನಾಲ್ಕು ದಾರಿಗಳಲ್ಲಿ ಎಷ್ಟು ತುಂಬಿವೆ, ಎಷ್ಟು ಖಾಲಿ ಇವೆ? ಒಂದು ದಾರಿ ತುಂಬಿದ್ದು ಪಕ್ಕದ್ದು ಖಾಲಿ ಇದ್ದರೆ, ಅಲ್ಲಿ ಬೇಕಾದದ್ದು ಕೋಟಿಗಟ್ಟಲೆ ಹಣವಲ್ಲ, ನಾಲ್ಕು ಬೈಟಿನ ಚೀಟಿ. ನಾಳೆ ನಿಮ್ಮಲ್ಲಿ ಕೆಲವರು ಈ ಜಾಲಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳಾಗುತ್ತೀರಿ. ಆಗ ಈ ಪ್ರಶ್ನೆ ನೆನಪಿರಲಿ.

ಮಾಡಿ ನೋಡಿ

ನಿಮ್ಮ ತರಗತಿಯ ಎಲ್ಲರೂ ಅವರವರ ಮನೆಯ ಮೊಬೈಲ್ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಒಂದು ಚೂರು ಕಾಗದದಲ್ಲಿ ಬರೆಯಲಿ. ಪ್ರತಿ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿ, ಶೇಷ 0, 1, 2, 3 ಬಂದವನ್ನು ನಾಲ್ಕು ಗುಂಪು ಮಾಡಿ. ಮೊದಲು ಎಂಟು ಚೂರುಗಳನ್ನಷ್ಟೇ ತೆಗೆದುಕೊಂಡು ಮಾಡಿ, ಆಮೇಲೆ ಇಡೀ ತರಗತಿಯದು, ಸಾಧ್ಯವಾದರೆ ಇಡೀ ಶಾಲೆಯದು. ಚೂರುಗಳು ಹೆಚ್ಚಿದಷ್ಟೂ ನಾಲ್ಕು ಗುಂಪುಗಳ ಪಾಲು ಹೇಗೆ ಸಮಸಮಕ್ಕೆ ಹತ್ತಿರವಾಗುತ್ತದೆ ಎಂಬುದನ್ನು ಗಮನಿಸಿ.

ಕೊನೆಯದಾಗಿ ನಿಮಗೊಂದು ಪ್ರಶ್ನೆ. ನಾಲ್ಕು ದಾರಿಗಳಲ್ಲಿ ಒಂದು ಕಡಿದುಹೋಯಿತು. ಇನ್ನು ಮೂರರಿಂದ ಭಾಗಿಸಬೇಕು. ಆಗ ಕಡಿದ ದಾರಿಯಲ್ಲಿದ್ದ ಹರಿವುಗಳು ಮಾತ್ರ ದಾರಿ ಬದಲಿಸುತ್ತವೆಯೋ, ಉಳಿದವೂ ಬದಲಿಸುತ್ತವೆಯೋ? ಮೇಲಿನ ನಾಲ್ವರು ವಿದ್ಯಾರ್ಥಿಗಳ ಮೊತ್ತವನ್ನೇ ಮೂರರಿಂದ ಭಾಗಿಸಿ ನೋಡಿ. ಉತ್ತರ ಕಂಡಾಗ ಎಂಜಿನಿಯರುಗಳ ಮುಂದಿನ ತಲೆನೋವು ಯಾವುದೆಂದು ನಿಮಗೇ ಗೊತ್ತಾಗುತ್ತದೆ.